ಸೊನ್ನೆ ನಂಬರಿನ ಪಟ

ಶೋಭಿತಾಳ ಬಗ್ಗೆ ಬರೆಯೋಣ ಅಂತ ಕೂತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಅಕ್ಷರ ಆಮೇಲೆ. ಸಿಟ್ಟು ಅವಳ ಮೇಲಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಕುಸುಮ. ಮಂಡ್ಯದ ಗುತ್ತಲಿನಲ್ಲಿ ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಅಂಗಡಿಯೊಂದಿದೆ. ಸಾಮಾನು ತರಿಸುವುದು, ಬಿಲ್ಲು ಬರೆಯುವುದು, ಫೋನಿನಲ್ಲಿ ಬೈಸಿಕೊಳ್ಳುವುದು ಅಲ್ಲಿ ನನ್ನ ಕೆಲಸ. ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ ನಾನು. ತಾಮ್ರದ ತಂತಿ ತೂಗಿಕೊಡುವವನ ಕೈಯನ್ನು ನೋಡುತ್ತೇನೆ, ಮುಖವನ್ನಲ್ಲ.

ಅಂಥ ನನಗೂ ಅನುಮಾನದ ವಿಷಯದಲ್ಲಿ ಮೇಷ್ಟ್ರಾಗಿ ಸಿಕ್ಕವಳು ಶೋಭಿತಾ. ಮಳವಳ್ಳಿ ಕಡೆಯ ಹುಡುಗಿ. ಅಪ್ಪ ಮಹದೇವು ಕರೆಂಟಿನ ಲೈನ್‌ಮನ್. ‘ಲೈನ್ ಆಫ್ ಆಗಿದೆ’ ಅಂತ ಸಾಹೇಬರೇ ಫೋನ್ ಮಾಡಿ ಹೇಳಿದರೂ ಟೆಸ್ಟರ್ ಇಟ್ಟು ನೋಡದೆ ತಂತಿ ಮುಟ್ಟುವ ಮನುಷ್ಯನಲ್ಲ ಅವನು. ಅವನ ಜೊತೆ ಕೆಲಸಕ್ಕೆ ಸೇರಿದವರಲ್ಲಿ ಕೆಲವರು ಈಗ ಇಲ್ಲ. ಅಪ್ಪನ ಆ ಗುಣ ಮಗಳಿಗೆ ಹಾಗೇ ಇಳಿದಿತ್ತು. ಡಿಪ್ಲೊಮಾ ಮುಗಿಸಿ ನಮ್ಮಲ್ಲಿಗೆ ಬಂದವಳು ಸ್ಕ್ರೀನು ಬರೆಯುವ ಕೆಲಸ ಹಿಡಿದಳು.

ಸ್ಕ್ರೀನು ಬರೆಯುವುದು ಅಂದರೆ ಏನು ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಈಗಿನ ಕಾರ್ಖಾನೆಗಳಲ್ಲಿ ಮೆಷಿನ್ನು ನಡೆಸುವವನ ಮುಂದೆ ಗೋಡೆಗೆ ಒಂದು ಟಚ್ ಸ್ಕ್ರೀನು ಕೂರಿಸಿರುತ್ತಾರೆ. ಅದರಲ್ಲಿ ತೊಟ್ಟಿ, ಪೈಪು, ಮೋಟರು, ವಾಲ್ವು ಎಲ್ಲದರ ಚಿತ್ರ ಕಾಣುತ್ತದೆ. ಒಂದೊಂದು ಚಿತ್ರಕ್ಕೂ ಒಂದೊಂದು ಖಾನೆ. ಮೆಷಿನ್ನಿನಿಂದ ಆ ಖಾನೆಗೆ ಒಂದು ನಂಬರು ಬರುತ್ತದೆ. ಯಾವ ನಂಬರಿಗೆ ಯಾವ ಪಟ ಅಂತ ಒಂದು ಪಟ್ಟಿ ಮಾಡಿ ಖಾನೆಗೆ ಕಟ್ಟಬೇಕು. ಒಂದು ಬಂದರೆ ಕೆಂಪು ವಾಲ್ವು, ಅಂದರೆ ಮುಚ್ಚಿದೆ. ಎರಡು ಬಂದರೆ ಹಸಿರು, ತೆರೆದಿದೆ. ಮೂರು ಬಂದರೆ ಹಳದಿ, ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಓದು ಬರಹ ಕಡಿಮೆ ಇರುವವನೂ ನೋಡಿದ ತಕ್ಷಣ ತಿಳಿದುಕೊಳ್ಳಲಿ ಅಂತ ಈ ಏರ್ಪಾಡು.

ಶೋಭಿತಾ ತಾನೇ ಇಟ್ಟ ಪಟವನ್ನು ತಾನೇ ನಂಬುತ್ತಿರಲಿಲ್ಲ. ಸ್ಕ್ರೀನಿನಲ್ಲಿ ಹಸಿರು ಕಂಡ ಮೇಲೂ ಪೈಪಿನ ಕೆಳಗೆ ಬಗ್ಗಿ ವಾಲ್ವಿನ ಹಿಡಿ ಯಾವ ಕಡೆ ತಿರುಗಿದೆ ಅಂತ ನೋಡಿ ಬರುವಳು. ‘ಅಕ್ಕ, ಪಟ ನೋಡಿದವರು ವಾಲ್ವನ್ನೇ ನೋಡಿದೆ ಅಂದ್ಕೋತಾರೆ. ಅವರು ನೋಡಿದ್ದು ನಾನು ಹೇಳಿದ್ದನ್ನ ಅಷ್ಟೆ’ ಅನ್ನುವಳು. ನಮ್ಮ ಮಾಲೀಕರು ರಘುನಂದನ್ ಅವಳಿಗೆ ಸಿಐಡಿ ಅಂತಲೇ ಹೆಸರಿಟ್ಟಿದ್ದರು. ಅವಳು ಆ ಹೆಸರಿಗೆ ಬೇಜಾರು ಮಾಡಿಕೊಂಡಿದ್ದನ್ನು ನಾನು ಕಾಣೆ.

ರಘುನಂದನ್ ಬಗ್ಗೆಯೂ ಹೇಳಬೇಕು. ಕೆಟ್ಟ ಮನುಷ್ಯ ಅಂತ ಅಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಹಬ್ಬಕ್ಕೆ ಸೀರೆ ಕೊಡುತ್ತಾರೆ, ಹುಷಾರಿಲ್ಲದಾಗ ತಾವೇ ಕಾರಿನಲ್ಲಿ ಆಸ್ಪತ್ರೆಗೆ ಬಿಡುತ್ತಾರೆ. ದೈವಭಕ್ತಿ ಜಾಸ್ತಿ. ಹೊಸ ಡ್ರಿಲ್ಲಿಂಗ್ ಮೆಷಿನ್ನು ಬಂದರೂ ನಿಂಬೆಹಣ್ಣು, ಹಳೆಯದು ರಿಪೇರಿಯಾಗಿ ಬಂದರೂ ನಿಂಬೆಹಣ್ಣು. ಮುತ್ತತ್ತಿರಾಯ, ಅಂದರೆ ಮುತ್ತತ್ತಿಯ ಹನುಮಂತ, ಅವರ ಮನೆದೇವರು. ಶನಿವಾರ ಬಂತೆಂದರೆ ಯಾವ ಕಾರ್ಖಾನೆ ನಿಂತಿದ್ದರೂ ಅವರು ಮುತ್ತತ್ತಿಯಲ್ಲಿ ಹೊಳೆಗೆ ಇಳಿದಿರುತ್ತಾರೆ.

ಮದ್ದೂರಿನಿಂದ ಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ ಹೊಸದಾಗಿ ಒಂದು ಬೆಲ್ಲದ ಪುಡಿ ಕಾರ್ಖಾನೆ ಎದ್ದಿತು. ಅದರ ಪ್ಯಾನೆಲ್ಲು, ಸ್ಕ್ರೀನು ಎಲ್ಲ ನಮ್ಮದೇ. ಅದನ್ನು ನೋಡಿಕೊಳ್ಳುವವನು ಆ ಕಾರ್ಖಾನೆ ಮಾಲೀಕರ ಭಾಮೈದ ಪುನೀತ್. ಸ್ಕ್ರೀನಿನ ಮುಂದೆ ಕೂರುವವನು ಕೆಂಪಯ್ಯ. ಕೆಂಪಯ್ಯ ಆಯುಸ್ಸೆಲ್ಲ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡಿದವನು. ಇಂಗ್ಲಿಷ್ ಅಕ್ಷರ ಅವನಿಗೆ ಹತ್ತುವುದಿಲ್ಲ. ಅದಕ್ಕೇ ಶೋಭಿತಾ ಅಲ್ಲಿನ ಎಲ್ಲ ಖಾನೆಗಳಿಗೂ ಪಟವನ್ನೇ ಕಟ್ಟಿದ್ದಳು. ‘ಇದ್ಯಾವ್ದವ್ವ ಮೂತಿ ಅರಿಸಿಣ ಆಗೈತೆ?’ ಅಂತ ಅವನು ಕೇಳುವುದು, ಇವಳು ನಗುತ್ತಾ ಹೇಳಿಕೊಡುವುದು, ಹೀಗೇ ಮೂರೇ ದಿನಕ್ಕೆ ಅವನು ಪಳಗಿಬಿಟ್ಟ.

ಸಾಮಾನಿನ ಲೆಕ್ಕಕ್ಕೆ ಅಂತ ನಾನೂ ಹೋಗಿದ್ದ ದಿನ ಅಲ್ಲಿ ಊಟಕ್ಕೆ ಕೂತಾಗ ಪುನೀತ್ ಒಂದು ಮಾತು ಕೇಳಿದ್ದ. ‘ನಿಮ್ಮ ಮನೆದೇವ್ರು ಯಾವ್ದಮ್ಮ?’ ಅಂತ. ನಮ್ಮ ಕಡೆ ಈ ಪ್ರಶ್ನೆ ದೇವರ ಬಗ್ಗೆ ಅಲ್ಲ ಅಂತ ಕೇಳಿದವನಿಗೂ ಗೊತ್ತಿರುತ್ತದೆ, ಕೇಳಿಸಿಕೊಂಡವರಿಗೂ ಗೊತ್ತಿರುತ್ತದೆ. ಶೋಭಿತಾ ಅನ್ನ ಕಲಸುತ್ತಲೇ, ‘ನಮ್ಮನೇಲಿ ದೇವರ ಪಟ ಇಡಲ್ಲ ಸಾರ್. ಬುದ್ಧನ ಫೋಟೋ ಇದೆ, ಬಾಬಾಸಾಹೇಬರದ್ದಿದೆ’ ಅಂದಳು. ಪುನೀತ್ ‘ಓ’ ಅಂದ. ಆ ‘ಓ’ ನನಗೆ ಹಿಡಿಸಲಿಲ್ಲ. ಮಾರನೆಯ ದಿನದಿಂದ ಅವಳ ಊಟ ಬೇರೆ ರೂಮಿಗೆ ಹೋಗತೊಡಗಿತು, ‘ಕೆಲಸ ಇದೆಯಲ್ಲ, ಅಲ್ಲೇ ಅನುಕೂಲ’ ಅನ್ನುವ ನೆಪದಲ್ಲಿ.

ಕಾರ್ಖಾನೆ ಶುರುವಾಗಿ ಸ್ವಲ್ಪ ದಿನ ಆಗಿತ್ತು. ಒಂದು ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆದು ಕಸ ಗುಡಿಸುವಷ್ಟರಲ್ಲಿ ಪುನೀತನ ಫೋನು. ‘ನಿಮ್ಮೋರು ಇಲ್ಲಿ ಏನ್ ಮಾಡಿಟ್ಟು ಓಗವ್ರೆ ಅಂತ ಬಂದು ನೋಡ್ರಿ. ಚರಂಡಿ ವಾಲ್ವಿನ ಜಾಗದಲ್ಲಿ ದೇವ್ರನ್ನ ಕೂರ್ಸವ್ರೆ!’ ಅಂತ ಕಿರುಚಿದ. ಅವನು ಹೇಳಿದ್ದರ ತಾತ್ಪರ್ಯ ಇಷ್ಟು. ಕಬ್ಬಿನ ಹಾಲಿನ ದೊಡ್ಡ ತೊಟ್ಟಿಯ ತಳದಲ್ಲಿ, ತೊಳೆದ ನೀರು ಚರಂಡಿಗೆ ಹೋಗಲು ಒಂದು ವಾಲ್ವು ಇದೆ. ಸ್ಕ್ರೀನಿನಲ್ಲಿ ಆ ವಾಲ್ವಿನ ಖಾನೆಯೊಳಗೆ ವಾಲ್ವು ಮಾಯವಾಗಿ ಮುತ್ತತ್ತಿರಾಯ ಬಂದು ನಿಂತಿದ್ದಾನೆ. ವಾಲ್ವು ತೆರೆದೇ ಇತ್ತು. ಅದು ಸ್ಕ್ರೀನಿನಲ್ಲಿ ಕಾಣದೆ ತೊಟ್ಟಿಯ ಹಾಲೆಲ್ಲ ಚರಂಡಿ ಪಾಲಾಗಿದೆ. ಕೆಂಪಯ್ಯ ದೇವರಿಗೆ ಕೈಮುಗಿದು ಸ್ಕ್ರೀನಿಗೆ ಕುಂಕುಮ ಇಟ್ಟು ಕೂತಿದ್ದಾನೆ.

ನಾನು ಫೋನನ್ನು ರಘುನಂದನ್ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡರು. ‘ಬರ್ತೀವಿ’ ಅಂದರು. ಇಟ್ಟರು. ಸಾಮಾನ್ಯವಾಗಿ ಎಲ್ಲಾದರೂ ಒಂದು ಬಲ್ಬು ಹೋದರೂ ಹತ್ತು ಪ್ರಶ್ನೆ ಕೇಳುವ ಮನುಷ್ಯ ಅವತ್ತು ಒಂದೂ ಕೇಳಲಿಲ್ಲ. ನನಗೆ ಅದು ಆಗಲೇ ವಿಚಿತ್ರ ಅನ್ನಿಸಿತು.

ಮೂವರೂ ಕಾರಿನಲ್ಲಿ ಹೊರಟೆವು. ಶೋಭಿತಾ ಹಿಂದೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ತೆರೆಯಲಿಲ್ಲ. ನನ್ನ ತಲೆಯಲ್ಲಿ ಪೊಲೀಸ್ ಸ್ಟೇಷನ್ನೇ ಕೂತಿತ್ತು. ಯಾರಿಟ್ಟಿರಬಹುದು? ಸ್ಕ್ರೀನು ತಿದ್ದುವ ಪಾಸ್‌ವರ್ಡು ಇದ್ದದ್ದು ನಮ್ಮ ಅಂಗಡಿಯವರ ಹತ್ತಿರ ಮಾತ್ರ. ಆದರೂ ನನ್ನ ಅನುಮಾನ ನೇರವಾಗಿ ಪುನೀತನ ಮೇಲೆ ಹೋಯಿತು. ಕೆಲಸ ಸರಿಯಿಲ್ಲ ಅಂತ ತಗಾದೆ ತೆಗೆಯಲು ಅವನೇ ಯಾರ ಕೈಲಾದರೂ ಮಾಡಿಸಿರಬೇಕು ಅಂದುಕೊಂಡೆ. ‘ನೀನೇನಂತೀಯೇ?’ ಅಂತ ಶೋಭಿತಾಳನ್ನು ಕೇಳಿದೆ. ‘ನೋಡದೆ ಏನೂ ಹೇಳಲ್ಲ ಅಕ್ಕ’ ಅಂದು ಕನ್ನಡಿಯಲ್ಲಿ ರಘುನಂದನ್ ಮುಖ ನೋಡಿದಳು. ಅವರು ರಸ್ತೆ ನೋಡುತ್ತಿದ್ದರು.

ಕಂಟ್ರೋಲ್ ರೂಮಿನ ಬಾಗಿಲಲ್ಲಿ ಜನ ತುಂಬಿದ್ದರು. ನಾವು ಬಂದಾಗ ದಾರಿ ಬಿಟ್ಟರು, ಆದರೆ ನನ್ನ ಕಡೆ ಯಾರೂ ನೋಡಲಿಲ್ಲ, ರಘುನಂದನ್ ಕಡೆಯೂ ನೋಡಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆ. ಅಲ್ಲಿ ತೀರ್ಮಾನ ಆಗಿ ಮುಗಿದಿತ್ತು. ಸ್ಕ್ರೀನಿನ ಮೇಲೆ ತೊಟ್ಟಿ, ತೊಟ್ಟಿಯ ತಳದಲ್ಲಿ ಬೆರಳಿನ ಉಗುರಷ್ಟು ದೊಡ್ಡ ಮುತ್ತತ್ತಿರಾಯ, ಗಾಜಿನ ಮೇಲೆ ಕೆಂಪಯ್ಯನ ಕುಂಕುಮ.

‘ಮನೇಲಿ ದೇವ್ರಿಲ್ಲದೋರ ಕೈಗೆ ಕೆಲ್ಸ ಕೊಟ್ರೆ ಇಂಗೇ ಆಗೋದು’ ಅಂದ ಪುನೀತ್. ‘ಇದು ಕೈತಪ್ಪಿ ಆಗಿದ್ದಲ್ಲ ಕಣ್ರೀ. ಬೇಕೂ ಅಂತ ಮಾಡಿರೋದು. ಇಷ್ಟು ಜಾಗ ಬಿಟ್ಟು ಚರಂಡಿ ಜಾಗವೇ ಬೇಕಾಗಿತ್ತಾ? ರಘಣ್ಣ, ಇವ್ಳು ಮುತ್ತತ್ತಿಗೆ ಓಗಿ ತಪ್ಪುಕಾಣಿಕೆ ಹಾಕಿ ಅಡ್ಡಬೀಳ್ಲಿ. ಆಮೇಲೆ ನಿಮ್ಮ ಅಂಗಡೀಲೂ ಇವ್ಳು ಇರಕೂಡ್ದು. ಇದ್ರೆ ನಮ್ಮ ಭಾವನ ಎರಡನೇ ಕಾರ್ಖಾನೆ ಕೆಲ್ಸ ನಿಮಗಿಲ್ಲ.’

ನಾನು ರಘುನಂದನ್ ಬಾಯಿ ನೋಡಿದೆ. ಈಗ ಜೋರು ಮಾಡುತ್ತಾರೆ, ‘ನಮ್ಮ ಹುಡುಗಿ ಅಂಥವಳಲ್ಲ’ ಅನ್ನುತ್ತಾರೆ ಅಂತ ಕಾದೆ. ಅವರು ಮೆತ್ತಗೆ, ‘ಏನೋ, ಚಿಕ್ಕ ಹುಡುಗಿ. ಗೊತ್ತಿಲ್ದೆ ಆಗಿರುತ್ತೆ. ಶೋಭಿತಾ, ಒಂದು ಮಾತು ಕ್ಷಮೆ ಕೇಳಿಬಿಡಮ್ಮ’ ಅಂದರು.

ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು. ಆದರೆ ಅವಳು ಕ್ಷಮೆ ಕೇಳಲಿಲ್ಲ. ಕೆಂಪಯ್ಯನ ಹತ್ತಿರ ಹೋಗಿ, ‘ತಾತ, ಈ ಪಟ ಯಾವಾಗ ಬಂತು?’ ಅಂತ ಕೇಳಿದಳು.

‘ಬೆಳಿಗ್ಗೆ ಕಣವ್ವ. ತೊಟ್ಟಿ ತೊಳ್ಯೋರು ಅಲ್ಲೆಲ್ಲ ನೀರು ಒಡುದ್ರು. ಅವ್ರು ಅತ್ಲಾಗೋದ್ರು, ಇತ್ಲಾಗ್ ನೋಡ್ತೀನಿ, ಸ್ವಾಮಿ ಬಂದ್ ನಿಂತವ್ನೆ. ನೀವೇ ಒಳ್ಳೇದಾಗ್ಲಿ ಅಂತ ಮಡಗಿದ್ದೀರಿ ಅಂದ್ಕಂಡೆ. ದೇವ್ರು ನಿಂತಿರೋ ಜಾಗ್ದಲ್ಲಿ ಏನ್ ಕೆಡುಕಾದದು ಅಂತ ಸುಮ್ಕಾದೆ. ಆಮ್ಯಾಕೆ ಬಂದು ನೋಡುದ್ರೆ ತೊಟ್ಟಿ ಬರಿದು’ ಅಂದ. ಆಲೆಮನೆಯಲ್ಲಿ ಒಂದು ಕೊಪ್ಪರಿಗೆಯನ್ನೂ ಕೆಡಿಸಿದವನಲ್ಲ ಅವನು.

ಶೋಭಿತಾ ಹೊರಗೆ ಹೋದಳು. ನಾವೆಲ್ಲ ಹಿಂದೆ. ತೊಟ್ಟಿಯ ಪಕ್ಕದಲ್ಲಿ ಮೊಣಕಾಲೂರಿ ಕೂತು ವಾಲ್ವಿನಿಂದ ಬರುವ ಕೇಬಲ್ಲು ಹಿಡಿದು ಅಲ್ಲಾಡಿಸಿದಳು. ತೊಳೆಯುವವರ ನೀರಿನ ರಭಸಕ್ಕೆ ಅದರ ತುದಿ ಅರ್ಧ ಕಿತ್ತುಬಂದಿತ್ತು. ಒತ್ತಿ ಕೂರಿಸಿದಳು. ಒಳಗಿನಿಂದ ಕೆಂಪಯ್ಯ, ‘ಸ್ವಾಮಿ ಓದ! ಅಸಿರು ವಾಲು ಬಂತು!’ ಅಂತ ಕೂಗಿದ. ತೊಳೆದವರು ತೆರೆದದ್ದನ್ನು ಮುಚ್ಚದೆ ಹೋಗಿದ್ದರು ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು. ಅವಳು ಮತ್ತೆ ಕೇಬಲ್ಲು ಕಿತ್ತಳು. ‘ಬಂದ, ಬಂದ!’ ಬಾಗಿಲಲ್ಲಿದ್ದವರು ಕೈಮುಗಿದರು. ಮತ್ತೆ ಕೂರಿಸಿದಳು, ಕೈ ಇಳಿಸಿದರು. ವಾಲ್ವು ಮುಚ್ಚಿಯೇ ಎದ್ದಳು. ನನಗೆ ಆ ಸಂಕಟದಲ್ಲೂ ನಗು ಬಂತು.

‘ದೇವ್ರ ಜೊತೆ ಆಟ ಆಡ್ತಿದ್ದೀಯೇನೇ?’ ಅಂದ ಪುನೀತ್. ಅವಳು ಕೈ ಒರೆಸಿಕೊಂಡು ಒಳಗೆ ಬಂದು ಲ್ಯಾಪ್‌ಟಾಪ್ ತೆರೆದಳು.

ಆ ಖಾನೆಗೆ ಕಟ್ಟಿದ್ದ ಪಟ್ಟಿ ತೋರಿಸಿದಳು. ಒಂದು, ಎರಡು, ಮೂರು, ಅವಳು ಇಟ್ಟ ಮೂರು ವಾಲ್ವು. ಅವುಗಳ ಮೇಲೆ ಇನ್ನೊಂದು ಸಾಲು. ಸೊನ್ನೆ. ಅದರ ಎದುರಿಗೆ ಮುತ್ತತ್ತಿರಾಯ. ‘ಈ ಪಟ್ಟಿಗಳು ಸೊನ್ನೆಯಿಂದ ಶುರುವಾಗ್ತವೆ. ವಾಲ್ವು ಚೆನ್ನಾಗಿದ್ರೆ ಸೊನ್ನೆ ಬರಲ್ಲ. ಕೇಬಲ್ಲು ಕಿತ್ತುಹೋದ್ರೆ ಮಾತ್ರ ಸೊನ್ನೆ ಬರುತ್ತೆ. ಬೇರೆ ಖಾನೆಗಳಲ್ಲೂ ಹಿಂಗೇ ಇದೆ. ಕೇಬಲ್ಲು ಎಲ್ಲಿ ಕಿತ್ತರೆ ಅಲ್ಲಿ ದೇವ್ರು ಬರ್ತಾನೆ. ಇವತ್ತು ಕಿತ್ತಿದ್ದು ಚರಂಡಿ ವಾಲ್ವಿನದ್ದು’ ಅಂದಳು.

‘ಆಯ್ತಲ್ಲ, ಇಟ್ಟಿದ್ದು ನೀನೇ ಅಂತ ಆಯ್ತಲ್ಲ?’ ಅಂದ ಪುನೀತ್.

ಅವಳು ಇನ್ನೊಂದು ಫೈಲು ತೆಗೆದಳು. ಹೊಳಲಿನ ಅಕ್ಕಿ ಗಿರಣಿಯದು. ಅದರ ಬಿಲ್ಲು ಬರೆದದ್ದು ನಾನೇ, ಶೋಭಿತಾ ಆಗಿನ್ನೂ ಕಾಲೇಜಿನಲ್ಲಿದ್ದಳು. ಅದರ ಪಟ್ಟಿಯಲ್ಲೂ ಸೊನ್ನೆಯ ಎದುರಿಗೆ ಅದೇ ಮುತ್ತತ್ತಿರಾಯ, ಅದೇ ಹೂವಿನ ಅಲಂಕಾರ. ನಾನು ತಡೆಯಲಾರದೆ, ‘ಆ ಕೆಲಸ ಆದಾಗ ಇವಳು ನಮ್ಮ ಅಂಗಡಿಗೇ ಸೇರಿರಲಿಲ್ಲ’ ಅಂತ ಜೋರಾಗಿಯೇ ಅಂದೆ.

ಎಲ್ಲರೂ ರಘುನಂದನ್ ಕಡೆ ತಿರುಗಿದರು. ಅವರು ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ‘ಶುಭಕ್ಕೆ ಅಂತ... ಕಾಗದದ ಮೇಲೆ ಮೊದ್ಲು ಶ್ರೀ ಬರೆಯಲ್ವಾ, ಹಂಗೆ. ನಮ್ಮ ಮೂಲ ಫೈಲಿನಲ್ಲಿ ಪ್ರತಿ ಪಟ್ಟಿಗೂ ಮೊದಲ ಸಾಲು ಸ್ವಾಮಿದು ಅಂತ ನಾನೇ ಇಟ್ಟಿದ್ದೆ. ಹೊಸ ಕೆಲಸಕ್ಕೆಲ್ಲ ಅದನ್ನೇ ನಕಲು ಮಾಡ್ಕೋತೀವಿ. ಸೊನ್ನೆ ಯಾವತ್ತೂ ಬರಲ್ಲ, ಯಾರಿಗೂ ಕಾಣ್ಸಲ್ಲ ಅಂದ್ಕೊಂಡಿದ್ದೆ’ ಅಂದರು.

‘ಸೇರಿದ ವಾರವೇ ಕೇಳಿದ್ದೆ ಸಾರ್’ ಅಂದಳು ಶೋಭಿತಾ. ‘ಸೊನ್ನೆಗೆ ಬೇರೆ ಪಟ ಇಡೋಣ, ಕೇಬಲ್ಲು ಹೋಗಿದೆ ಅಂತ ಗೊತ್ತಾಗಲಿ ಅಂದೆ. ಆ ಸಾಲು ಮುಟ್ಟಬೇಡ ಅಂದ್ರಿ. ನಾನು ಜಗಳ ಮಾಡ್ಬೇಕಿತ್ತು. ಮಾಡ್ಲಿಲ್ಲ. ತಾತನ ತೊಟ್ಟಿ ಖಾಲಿಯಾಗಿದ್ದರಲ್ಲಿ ಅಷ್ಟು ನನ್ನ ಪಾಲು.’

ಇನ್ನು ಪುನೀತ್ ರಘುನಂದನ್ ಮೇಲೆ ಹರಿಹಾಯುತ್ತಾನೆ ಅಂತ ನಾನು ಸಿದ್ಧವಾದೆ. ತಪ್ಪುಕಾಣಿಕೆ, ಅಡ್ಡಬೀಳುವುದು, ಕೆಲಸದಿಂದ ತೆಗೆಯುವುದು, ಇವೆಲ್ಲ ಈಗ ಯಾರ ಪಾಲಿಗೆ ಬರುತ್ತವೆ ನೋಡೋಣ ಅಂತ. ಅವನ ಮುಖದಲ್ಲಿದ್ದ ಗಂಟೆಲ್ಲ ಬಿಚ್ಚಿಕೊಂಡಿತು. ‘ಅಯ್ಯೋ, ನೀವಾ ರಘಣ್ಣ! ಮೊದ್ಲೇ ಹೇಳ್ಬಾರ್ದಾ? ಭಕ್ತಿಗೆ ಅಂತ ಇಟ್ಟಿದ್ದೀರಿ ಬುಡಿ, ಅದ್ರಾಗೇನೈತೆ! ಸ್ವಾಮಿನೇ ಬಂದು ಕೇಬಲ್ಲು ಓಗೈತೆ ಅಂತ ತೋರ್ಸವ್ನೆ, ನಮ್ಗೇ ಗೊತ್ತಾಗ್ಲಿಲ್ಲ’ ಅಂದ. ಬಾಗಿಲಲ್ಲಿದ್ದವರೂ ತಲೆಯಾಡಿಸಿದರು. ಯಾರೋ ಕಾಫಿ ತರಲು ಓಡಿದರು. ಅದೇ ದೇವರು, ಅದೇ ಚರಂಡಿ. ಇಟ್ಟ ಕೈ ಬದಲಾದದ್ದೇ ತಡ, ಅವಮಾನ ಅನ್ನಿಸಿದ್ದು ಭಕ್ತಿ ಆಯಿತು. ನನಗೆ ಮೈಯೆಲ್ಲ ಉರಿಯಿತು, ಅಲ್ಲೇ ಆ ಕಾಫಿಯನ್ನು ಯಾರ ಮೇಲಾದರೂ ಸುರಿಯಬೇಕು ಅನ್ನಿಸಿತು.

‘ಆದ್ರೂ ಅಲ್ಲಿಂದ ತೆಗ್ಸಿಬುಡಿ’ ಅಂದ ಪುನೀತ್. ರಘುನಂದನ್ ಹಿಂದೆ ಸರಿದರು. ‘ದೇವರ ಪಟ ಅಳಿಸೋದು ನಮಗೆ ಸರಿಬರಲ್ಲ. ಶೋಭಿತಾ, ನೀನೇ ಅಳಿಸಿಬಿಡಮ್ಮ. ನಿಮಗೆ ಅದೆಲ್ಲ ದೋಷ ಇಲ್ವಲ್ಲ’ ಅಂದರು.

ಅವಳು ಕುರ್ಚಿಯಿಂದ ಎದ್ದಳು. ‘ಕೇಬಲ್ಲು ಕಿತ್ತಿರೋ ಪಟ ಬರೆದಿಟ್ಟಿದ್ದೀನಿ ಸಾರ್, ಅದನ್ನ ನಾನು ಹಾಕ್ತೀನಿ. ಇದು ನೀವಿಟ್ಟಿದ್ದು, ನೀವೇ ತೆಗೀರಿ’ ಅಂದು ಕುರ್ಚಿ ತೋರಿಸಿದಳು. ಯಾರೂ ಕೂರಲಿಲ್ಲ. ಕೊನೆಗೆ ಕೆಂಪಯ್ಯನೇ ರೇಗಿದ. ‘ಅದೇನ್ಲಾ ಎಲ್ರೂ ಇಂಗ್ ನಿಂತೀರಿ? ಗಾಣ ಆಡ್ತಾ ಐತೆ, ಆಲು ಬತ್ತಾ ಐತೆ. ನಂಗೆ ವಾಲು ಕಾಣ್ಬೇಕು, ಬಿರ್ರನೆ ಮಾಡ್ರಪ್ಪ!’ ರಘುನಂದನ್ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಅವಳು ತೋರಿಸಿದ ಗುಂಡಿ ಒತ್ತಿದರು. ಪಟ್ಟಿಯಿಂದ ಪಟ್ಟಿಗೆ ಹೋಗಿ ಪ್ರತಿಯೊಂದಕ್ಕೂ ಅವರೇ ಒತ್ತಬೇಕಾಯಿತು. ಶೋಭಿತಾ ಪಕ್ಕದಲ್ಲಿ ನಿಂತು ಹೊಸ ಪಟ ಹಾಕುತ್ತಾ ಹೋದಳು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಕೇಬಲ್ಲು ಕಿತ್ತು ನೋಡಿ, ಕೂರಿಸಿ ನೋಡಿ ಬಂದಳು.

ವಾಪಸ್ ಬರುವಾಗ ಕಾರು ಮದ್ದೂರಿನ ಹತ್ತಿರ ಬಂತು. ಮೊದಲು ಬಾಯಿಬಿಟ್ಟವರು ರಘುನಂದನ್. ‘ಅಷ್ಟು ಜನರ ಮುಂದೆ ಹೊಳಲಿನ ಫೈಲು ತೆಗೀಬೇಕಿತ್ತೇನಮ್ಮ? ನನ್ನ ಮರ್ಯಾದೆ ಏನಾಗ್ಬೇಕು?’

‘ಬೆಳಿಗ್ಗೆ ಫೋನು ಬಂದಾಗಲೇ ನಿಮಗೆ ಗೊತ್ತಾಗಿತ್ತು, ಅಲ್ವಾ ಸಾರ್?’ ಅಂದಳು ಅವಳು.

ಅವರು ಗೇರು ಬದಲಿಸಿದರು.

‘ಗೊತ್ತಿದ್ದೂ ನನ್ನನ್ನ ಕ್ಷಮೆ ಕೇಳು ಅಂದ್ರಿ.’

‘ನಾನೇ ಅಂತ ಒಪ್ಕೊಂಡಿದ್ರೆ ಎರಡನೇ ಕಾರ್ಖಾನೆ ಕೆಲಸ ಹೋಗ್ತಿತ್ತು ಕಣಮ್ಮ, ಅಂಗಡಿ ನಡೀಬೇಕಲ್ಲ. ನೀನಾದ್ರೆ ಹೆಂಗೂ...’ ಅಂದವರು ಅಲ್ಲಿಗೇ ನಿಲ್ಲಿಸಿದರು.

‘ಹೆಂಗೂ ಏನು ಸಾರ್?’

ಕಾರು ಬಸ್‌ಸ್ಟ್ಯಾಂಡಿನ ಹತ್ತಿರ ನಿಧಾನವಾಯಿತು. ಅವಳು ಇನ್ನೊಂದು ಸಲ ಕೇಳಿದಳು, ಅದೇ ದನಿಯಲ್ಲಿ, ಏರಿಸದೆ ಇಳಿಸದೆ. ರಘುನಂದನ್ ಸ್ಟೇರಿಂಗ್ ಹಿಡಿದುಕೊಂಡು ಮುಂದೆಯೇ ನೋಡುತ್ತಿದ್ದರು. ‘ಇಲ್ಲೇ ನಿಲ್ಸಿ’ ಅಂದಳು. ಅಂಗಡಿಯ ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಟ್ಟು ಇಳಿದಳು. ಅಲ್ಲಿ ಮಳವಳ್ಳಿ ಬಸ್ಸು ಹೊರಡಲು ನಿಂತಿತ್ತು.

‘ನಾಳೆ ಬರ್ತೀಯಲ್ಲಮ್ಮ?’ ಅಂತ ಕಿಟಕಿ ಇಳಿಸಿ ಕೂಗಿದರು ರಘುನಂದನ್. ಅವಳಷ್ಟು ಚೆನ್ನಾಗಿ ಸ್ಕ್ರೀನು ಬರೆಯುವವರು ಮಂಡ್ಯದಲ್ಲಿ ಇನ್ನೊಬ್ಬರಿಲ್ಲ ಅಂತ ಅವರಿಗೆ ಗೊತ್ತಿತ್ತು.

ಅವಳು ತಿರುಗಿದಳು. ‘ಆ ಮಾತು ಪೂರ್ತಿ ಮಾಡಿ ಸಾರ್, ಬರ್ತೀನಿ’ ಅಂದಳು.

ಅವರು ಇವತ್ತಿನವರೆಗೂ ಪೂರ್ತಿ ಮಾಡಿಲ್ಲ.